ಫಲ ಕಾಣದ ದಿನಗಳ ನಂಬಿಕೆ

2020ರ ಮಾರ್ಚ್ ತಿಂಗಳಲ್ಲಿ ಕಾಲೇಜುಗಳ ಬಾಗಿಲು ಮುಚ್ಚಿದಾಗ ನಾನು ವರ್ಷದಿಂದ ವರ್ಷಕ್ಕೆ ನೇಮಕಗೊಳ್ಳುವ ಅತಿಥಿ ಉಪನ್ಯಾಸಕನಾಗಿದ್ದೆ. ಸಂಬಳ ನಿಂತಿತು, ಮುಂದಿನ ವರ್ಷ ಕರೆ ಬಂದೀತೆಂಬ ಭರವಸೆಯೂ ಇರಲಿಲ್ಲ. ಮೇಜಿನ ಮೇಲೆ ನಮ್ಮ ಸೀಮೆಯ ಬೇಸಾಯದ ಪದಗಳ ಸಂಗ್ರಹವೊಂದು ಅರೆಬರೆಯಾಗಿ ಬಿದ್ದಿತ್ತು. ಇದನ್ನು ಮುಗಿಸಿ ಆಗಬೇಕಾದುದೇನು ಎಂಬ ಪ್ರಶ್ನೆ ದಿನವೂ ಏಳುತ್ತಿತ್ತು. ಪದಗಳನ್ನು ಒರೆಗೆ ಹಚ್ಚಲೆಂದು ತೆರೆದಿಟ್ಟ ಕಿಟ್ಟೆಲ್ ಕೋಶವು ಮೆಲ್ಲಮೆಲ್ಲನೆ ನನ್ನ ಮನಸ್ಸನ್ನು ಪದಗಳಿಂದ ಅವನ್ನು ಕೂಡಿಸಿದ ಮನುಷ್ಯನ ಕಡೆಗೆ ತಿರುಗಿಸಿತು.

ಫರ್ಡಿನೆಂಡ್ ಕಿಟ್ಟೆಲರು ಹುಟ್ಟಿದುದು 1832ರಲ್ಲಿ, ಜರ್ಮನಿಯ ಉತ್ತರ ತೀರದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ, ಪಾದ್ರಿಯೊಬ್ಬರ ಮನೆಯಲ್ಲಿ. 1853ರಲ್ಲಿ ಬಾಸೆಲ್ ಮಿಷನ್ನಿನ ಕಡೆಯಿಂದ ಅವರು ಕನ್ನಡ ನಾಡಿಗೆ ಬಂದರು. ಬಂದ ಉದ್ದೇಶ ಕ್ರಿಸ್ತನ ಸುವಾರ್ತೆಯನ್ನು ಸಾರುವುದು. ಆ ದಾರಿಯಲ್ಲಿ ಅವರಿಗೆ ದೊಡ್ಡ ಯಶಸ್ಸು ದೊರೆಯಲಿಲ್ಲ. ಕ್ರಿಸ್ತಚರಿತೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದ ‘ಕಥಾಮಾಲೆ’ 1862ರಲ್ಲಿ ಬೆಳಕು ಕಂಡಿತು. ಮೊದಲ ಪತ್ನಿ ಪೌಲೀನ್ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಮುಂದೆ ಆಕೆಯ ತಂಗಿ ಯೂಲಿಯನ್ನು ಅವರು ವರಿಸಿದರು. ದುಃಖವಾಗಲಿ ವಿಫಲತೆಯಾಗಲಿ ಅವರ ಕೈಯಿಂದ ಲೇಖನಿಯನ್ನು ಕಸಿಯಲಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. 1877ರಲ್ಲಿ ಸ್ವದೇಶಕ್ಕೆ ಮರಳಿದವರು, ಐವತ್ತು ದಾಟಿದ ಮೇಲೆ, 1883ರಲ್ಲಿ ಕೋಶದ ಕೆಲಸಕ್ಕಾಗಿ ಮತ್ತೆ ಕಡಲು ದಾಟಿ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಗ್ರಂಥಗಳ ಮಾತಿನೊಡನೆ ಬಾಯಿಮಾತಿನ ಗಾದೆಗಳಿಗೂ ಅಲ್ಲಿ ಸಮಾನ ಪಂಕ್ತಿ ದೊರೆತಿದೆ.

ಇಂಥ ಬಾಳನ್ನು ಎತ್ತಿ ಹಿಡಿದ ಶಕ್ತಿ ಯಾವುದು? ಪಾಂಡಿತ್ಯದ ಹಂಬಲವೊಂದೇ ಎನ್ನಲು ಮನಸ್ಸು ಒಪ್ಪದು. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯೊಂದಿದೆ. ಅದರಲ್ಲಿ ನಂಬಿಕೆಗೆ ನಿದರ್ಶನವಾಗಿ ಬರುವವರಲ್ಲಿ ಅಬ್ರಹಾಮನೂ ಒಬ್ಬ. ಸೇರುವ ಊರು ಯಾವುದೆಂದರಿಯದೆಯೇ ಅವನು ಮನೆ ಬಿಟ್ಟು ಹೊರಟವನು. ಅಲ್ಲಿ ಹೆಸರಿಸಿದ ಹಿರಿಯರು ವಾಗ್ದಾನದ ಫಲವನ್ನು ಕೈಯಾರೆ ಪಡೆಯದೆ, ದೂರದಿಂದ ಕಂಡೇ ಕಣ್ಣು ಮುಚ್ಚಿದರು. ಪಾದ್ರಿಯ ಮನೆಯಲ್ಲಿ ಬೆಳೆದ ಕಿಟ್ಟೆಲರಿಗೆ ಈ ಪಾಠ ಬಾಲ್ಯದಿಂದಲೇ ಪರಿಚಿತವಾಗಿದ್ದಿರಬೇಕು. ‘ಎಲ್ಲವೂ ಸರಿಹೋಗುತ್ತದೆ’ ಎಂಬ ಸಮಾಧಾನ ಅದರಲ್ಲಿಲ್ಲ. ಸರಿಹೋಗುವುದೋ ಇಲ್ಲವೋ ತಿಳಿಯದಿರುವಾಗಲೂ ಇಂದಿನ ಕೆಲಸವನ್ನು ಇಂದು ಮಾಡು ಎಂಬ ಆಣತಿ ಅದರಲ್ಲಿದೆ.

ನಮ್ಮ ಭಾಷೆಯೇ ಈ ಅರ್ಥವನ್ನು ಹೇಳುತ್ತದೆ. ‘ನಂಬು’ ಎಂಬುದು ಅಚ್ಚಗನ್ನಡದ ಕ್ರಿಯಾಪದ. ‘ನಂಬಿಕೆ’ ಅದರಿಂದ ಹುಟ್ಟಿದ ನಾಮಪದ. ‘ತಾಳು’, ‘ತಾಳ್ಮೆ’ ಎಂಬವುಗಳ ನಂಟೂ ಅಂಥದೇ. ಎರಡೆಡೆಯಲ್ಲಿಯೂ ಮೊದಲು ಬರುವುದು ಕ್ರಿಯೆ. ನಂಬಿಕೆಯೆಂಬುದು ಪೆಟ್ಟಿಗೆಯಲ್ಲಿಟ್ಟ ಒಡವೆಯಲ್ಲ; ದಿನದಿನವೂ ಮಾಡಬೇಕಾದ ಕೆಲಸ.

ನಾನು ಕ್ರೈಸ್ತನಲ್ಲ. ಕಿಟ್ಟೆಲರನ್ನು ಇಲ್ಲಿಗೆ ಕರೆತಂದ ಮತಾಂತರದ ಉದ್ದೇಶವನ್ನು ಒಪ್ಪದಿರುವ ಅಧಿಕಾರ ನನಗುಂಟು, ಓದುಗರಿಗೂ ಉಂಟು. ಆದರೆ ಯಾವ ನಂಬಿಕೆಯ ಬಲದಿಂದ ಅವರು ಬಂದರೋ ಅದೇ ಬಲದಿಂದ ಅವರು ನಮ್ಮ ಮಾತನ್ನು ಕಾಪಾಡಿ ಕೊಟ್ಟರೆಂಬುದನ್ನು ಮರೆತರೆ ಕೃತಘ್ನತೆಯಾದೀತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಮುಂದಿನ ತಲೆಮಾರುಗಳು ಆ ಕೋಶವನ್ನು ಹೇಗೆ ಎದೆಗವಚಿಕೊಳ್ಳುವುವೆಂಬುದನ್ನು ಅವರು ಕಾಣಲಿಲ್ಲ.

ಆ ಬೇಸಗೆಯಲ್ಲಿ ನಾನು ದಿನಕ್ಕೆ ಹತ್ತು ಪದಗಳೆಂದು ನೇಮ ಮಾಡಿಕೊಂಡೆ. ನೇಗಿಲು, ನೊಗ, ಮಿಣಿ, ಕೂರಿಗೆ, ಹೀಗೆ ಸಾಗಿತು. ಸಂಗ್ರಹ ಮುಗಿದಿದೆ, ಇನ್ನೂ ಅಚ್ಚಾಗಿಲ್ಲ. ಮೊನ್ನೆ ಒಬ್ಬ ವಿದ್ಯಾರ್ಥಿ, “ಕನ್ನಡ ಎಂ.ಎ. ಮಾಡಿದರೆ ಮುಂದೇನು ಸರ್?” ಎಂದು ಕೇಳಿದ. ಉತ್ತರ ನನ್ನಲ್ಲಿರಲಿಲ್ಲ. ಕೋಶವನ್ನು ಅವನ ಮುಂದೆ ತೆರೆದಿಟ್ಟು, “ಇದನ್ನು ಬರೆದವರಿಗೂ ಮುಂದೇನೆಂದು ತಿಳಿದಿರಲಿಲ್ಲಪ್ಪ” ಎಂದೆ. ಅವನು ಬಹಳ ಹೊತ್ತು ಪುಟಗಳನ್ನು ತಿರುವುತ್ತ ಕುಳಿತಿದ್ದ.