ಕೈ ಎತ್ತಿಸಿ ನೋಡುವವರು

"ಜಡೆ ಹಾಕ್ಕೊಳ್ಳೋಕೆ ಕೈ ಹಿಂದಕ್ಕೆ ಹೋಗೋದೇ ಇಲ್ಲ" ಎನ್ನುತ್ತಾ ಐವತ್ತು ದಾಟಿದ ಗೃಹಿಣಿಯೊಬ್ಬರು ಫಿಸಿಯೋಥೆರಪಿಸ್ಟ್ ಬಳಿ ಬರುತ್ತಾರೆ ಎಂದುಕೊಳ್ಳಿ. ಅವರ ಹಿಂದೆಯೇ, ಏಣಿಯಿಂದ ಬಿದ್ದ ಪೇಂಟರ್ ಒಬ್ಬರು. ಅವರಿಗೂ ಕೈ ಮೇಲೇಳುತ್ತಿಲ್ಲ. ಇಬ್ಬರ ದೂರೂ ಒಂದೇ, ಕಾಯಿಲೆ ಮಾತ್ರ ಬೇರೆ ಬೇರೆ.

ಒಳ್ಳೆಯ ಫಿಸಿಯೋಥೆರಪಿಸ್ಟ್ ತಕ್ಷಣ ಯಂತ್ರ ಹಚ್ಚುವುದಿಲ್ಲ. ಮೊದಲು "ನೀವೇ ಎತ್ತಿ" ಎನ್ನುತ್ತಾರೆ. ಆಮೇಲೆ "ಕೈ ಸಡಿಲ ಬಿಡಿ" ಎಂದು ತಾವೇ ಎತ್ತಿ ನೋಡುತ್ತಾರೆ. ಪೇಂಟರ್ ಕೈ ತಾನಾಗಿ ಏಳದು, ಎತ್ತಿದರೆ ಸಲೀಸಾಗಿ ಮೇಲೆ ಹೋಗುತ್ತದೆ. ಅಂದರೆ ಕೀಲಿಗೆ ಅಡ್ಡಿಯಿಲ್ಲ. ಎತ್ತಬೇಕಾದ ಸ್ನಾಯುರಜ್ಜು ಹರಿದಿರಬಹುದು. ಅವರನ್ನು ಕೂಡಲೇ ಮೂಳೆ ತಜ್ಞರಲ್ಲಿಗೆ ಕಳಿಸಬೇಕು. ಗೃಹಿಣಿಯ ಕೈ ಬೇರೆಯವರು ಎತ್ತಿದರೂ ಅರ್ಧಕ್ಕೇ ನಿಲ್ಲುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಮುಂಗೈಯನ್ನು ಹೊರಕ್ಕೆ ತಿರುಗಿಸಲೂ ಆಗದು. ಎಕ್ಸ್‌ರೇಯಲ್ಲಿ ತೊಂದರೆ ಕಾಣದಿದ್ದರೆ ಇದು ಫ್ರೋಜನ್ ಶೋಲ್ಡರ್ ಇರಬಹುದು: ಕೀಲನ್ನು ಸುತ್ತಿದ ಚೀಲ ದಪ್ಪಗಾಗಿ ಬಿಗಿದುಕೊಂಡಿರುತ್ತದೆ. ಮಧುಮೇಹಿಗಳಲ್ಲಿ ಇದು ಹೆಚ್ಚು. ಹಾಗಾಗಿಯೇ ಭುಜ ನೋಯುತ್ತದೆ ಎಂದು ಹೋದವರಿಗೆ "ಶುಗರ್ ಇದೆಯಾ?" ಎಂಬ ಪ್ರಶ್ನೆ.

ಕಾಯಿಲೆ ಗೊತ್ತಾದರೆ ಸಾಲದು, ಅದರ ಹಂತವೂ ಗೊತ್ತಾಗಬೇಕು. ರಾತ್ರಿ ನಿದ್ದೆಗೆಡಿಸುವಷ್ಟು ನೋವಿರುವ ಮೊದಲ ತಿಂಗಳುಗಳಲ್ಲಿ ಕೈಯನ್ನು ಬಲವಂತವಾಗಿ ಎಳೆದರೆ ನೋವು ಕೆರಳುತ್ತದೆ. ಆಗ ಮೇಜಿಗೆ ಒಂದು ಕೈ ಊರಿ ಬಾಗಿ, ನೋಯುವ ಕೈಯನ್ನು ಗಡಿಯಾರದ ಲೋಲಕದಂತೆ ಹಗುರವಾಗಿ ತೂಗಿದರೆ ಸಾಕು. ನೋವು ತಗ್ಗಿ ಬಿಗಿತ ಉಳಿದಾಗ ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುವ, ಬೆನ್ನ ಹಿಂದೆ ಟವೆಲ್ ಎಳೆಯುವ ವ್ಯಾಯಾಮ. ಪೂರ್ತಿ ಸಡಿಲವಾಗಲು ಒಂದರಿಂದ ಮೂರು ವರ್ಷವೂ ಹಿಡಿಯಬಹುದು. ಈ ಮಾತನ್ನು ಮೊದಲ ದಿನವೇ ಹೇಳುವುದು ಪ್ರಾಮಾಣಿಕತೆ. ಪ್ರತಿ ಭೇಟಿಯಲ್ಲೂ ಗೋನಿಯೋಮೀಟರ್ ಎಂಬ ಕೋನಮಾಪಕ ಹಿಡಿದು ಕೈ ಎಷ್ಟು ಡಿಗ್ರಿ ಎದ್ದಿತೆಂದು ಬರೆದಿಟ್ಟರೆ, "ಏನೂ ಸುಧಾರಿಸಿಲ್ಲ" ಎಂದು ಕುಗ್ಗಿದವರಿಗೆ ಆ ಅಂಕಿಯೇ ಧೈರ್ಯ.

ಶಾಖ, ಕರೆಂಟ್ ಕೊಡುವ ಯಂತ್ರಗಳಿಂದ ಸ್ವಲ್ಪ ಹೊತ್ತು ಹಾಯೆನಿಸಬಹುದು. ಆದರೆ ಕ್ಲಿನಿಕ್‌ನಲ್ಲಿ ಕಳೆಯುವುದು ಅರ್ಧ ಗಂಟೆ, ಉಳಿದ ದಿನವೆಲ್ಲ ಮನೆಯಲ್ಲೇ. ಅದಕ್ಕೇ ಒಳ್ಳೆಯವರು ಎರಡು ಮೂರೇ ವ್ಯಾಯಾಮ ಹೇಳಿಕೊಟ್ಟು, ಕಣ್ಣೆದುರೇ ಮಾಡಿಸಿ, ತಪ್ಪು ತಿದ್ದಿ ಕಳಿಸುತ್ತಾರೆ.

ಮುಂದಿನ ಸಲ ಹೋದಾಗ ಎರಡು ವಿಷಯ ಗಮನಿಸಿ. ಯಂತ್ರಕ್ಕೆ ಮೊದಲು ನಿಮ್ಮ ಕೈಯನ್ನು ಆಡಿಸಿ ನೋಡಿದರೇ? ಮನೆಯಲ್ಲಿ ಮಾಡಲು ಏನಾದರೂ ಕಲಿತು ಬಂದಿರಾ? ಇಲ್ಲವೆಂದಾದರೆ ಸಂಕೋಚ ಬಿಟ್ಟು ಕೇಳಿ. ಅದು ನಿಮ್ಮ ಹಕ್ಕು.