ಮತ್ಸ್ಯವಿನೋದವೂ ಕಾವೇರಿಯ ಬಿಳಿಮೀನೂ

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯೂ ಭೂಲೋಕಮಲ್ಲನೆಂಬ ಬಿರುದುಳ್ಳವನೂ ಆದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವು ವಿದ್ವಾಂಸರಿಗೆ ಅಪರಿಚಿತವಾದುದಲ್ಲ. ಅಭಿಲಷಿತಾರ್ಥಚಿಂತಾಮಣಿಯೆಂಬ ಬೇರೊಂದು ಹೆಸರಿನಿಂದ ಅದರ ಒಂದು ಭಾಗವು ೧೯೨೬ರಲ್ಲಿ ಮೈಸೂರಿನಲ್ಲಿ ಅಚ್ಚಾಯಿತು. ಬರೋಡೆಯ ಮುದ್ರಣವು ಅದಕ್ಕೆ ಒಂದು ವರ್ಷ ಮೊದಲೇ ಆರಂಭವಾಗಿತ್ತು. ಸಂಗೀತ, ಪಾಕ, ಚಿತ್ರ, ಗಜಶಾಸ್ತ್ರ ಮುಂತಾದವುಗಳಿಗಾಗಿ ಈ ಗ್ರಂಥವನ್ನು ತೆರೆಯುವವರು ಅನೇಕರು. ನಾಲ್ಕನೆಯ ವಿಂಶತಿಯಲ್ಲಿ ಬರುವ ಮತ್ಸ್ಯವಿನೋದಪ್ರಕರಣದ ಕಡೆಗೆ ಮಾತ್ರ ಅಷ್ಟು ಜನರ ದೃಷ್ಟಿ ಹರಿದಂತೆ ಕಾಣುವುದಿಲ್ಲ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರರು ೧೯೫೧ರಲ್ಲಿ ಇದನ್ನು ಕುರಿತು ಬರೆದ ಮೇಲೆ, ಗಾಳದ ವಿನೋದವನ್ನು ಶಾಸ್ತ್ರರೀತಿಯಿಂದ ನಿರೂಪಿಸಿದ ಪ್ರಾಚೀನ ಕೃತಿಗಳಲ್ಲಿ ಇದಕ್ಕೆ ಗಣ್ಯವಾದ ಸ್ಥಾನವುಂಟೆಂಬುದು ಹೊರದೇಶದವರಿಗೂ ತಿಳಿಯಿತು.

ಪ್ರಕೃತ ವಿಷಯಕ್ಕೆ ಈ ಪ್ರಕರಣದ ವಿಷಯಕ್ರಮವೇ ಮುಖ್ಯವಾದುದು. ಸೋಮೇಶ್ವರನು ಮೊದಲು ಗಾಳದ ಮಾತನ್ನೆತ್ತುವುದಿಲ್ಲ. ಸಮುದ್ರದ ಮೀನು ಯಾವುದು, ನದಿಯದು ಯಾವುದು, ಶಲ್ಕವುಳ್ಳದ್ದು ಯಾವುದು, ಇಲ್ಲದ್ದು ಯಾವುದು, ದೊಡ್ಡದು ಯಾವುದು, ಚಿಕ್ಕದು ಯಾವುದು ಎಂದು ಹೆಸರು ಹೇಳಿ ವಿಂಗಡಿಸುತ್ತಾನೆ. ಅನಂತರ ಯಾವ ಮೀನಿಗೆ ಯಾವ ಆಹಾರವನ್ನು ಹಾಕಿ ಪುಷ್ಟಿಗೊಳಿಸಬೇಕೆಂಬುದು ಬರುತ್ತದೆ. ದಾರ, ದಂಡ, ಗಾಳಗಳ ಲಕ್ಷಣವೂ ಹಿಡಿಯುವ ರೀತಿಯೂ ಆಮೇಲಿನವು. ರಾಜನ ಆಟವಾದರೂ ಮೀನಿನ ಹೆಸರನ್ನರಿಯದೆ ಅದಕ್ಕೆ ಕೈಹಾಕಬಾರದೆಂಬ ಭಾವವು ಈ ಕ್ರಮದಲ್ಲಿ ಅಡಗಿರುವಂತಿದೆ. ಈ ಕ್ರಮವು ತಲೆಕೆಳಗಾದರೆ ಏನಾಗುವುದೆಂಬುದಕ್ಕೆ ಕರ್ಣಾಟಕದಲ್ಲಿಯೇ ಒಂದು ದೃಷ್ಟಾಂತವುಂಟು. ಅದು ಕಾವೇರಿಯ ಮಹಶೀರದ ವೃತ್ತಾಂತ.

ಮಹಶೀರವೆಂಬುದು ಒಂದೇ ಮೀನಿನ ಹೆಸರಲ್ಲ. ‘ಟಾರ್’ ಎಂಬ ಕುಲಕ್ಕೆ ಸೇರಿದ ಹಲವು ಜಾತಿಗಳಿಗೆ ಇರುವ ಸಾಮಾನ್ಯ ನಾಮ. ಇವು ಗೆಂಡೆಯ ಬಂಧುಗಳು. ಅಂಗೈಯಗಲದ ಶಲ್ಕ, ದಪ್ಪ ತುಟಿ, ವೇಗದ ನೀರಿಗೆ ಎದುರಾಗಿ ಈಜುವ ಬಲ ಇವುಗಳ ಲಕ್ಷಣಗಳು. ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲುಂಟು. ಏಡಿಯ ಚಿಪ್ಪನ್ನೂ ಕಾಯಿಯ ತೊಗಟೆಯನ್ನೂ ಅಲ್ಲಿ ಅರೆದು ನುಂಗುತ್ತವೆ. ಚಿಕ್ಕ ಮೀನುಗಳನ್ನು ಬೇಟೆಯಾಡಿ ತಿನ್ನುವುದೂ ಉಂಟು, ದಡದ ಮರಗಳಿಂದ ಉದುರಿದ ಹಣ್ಣಿಗೆ ಕಾದುಕೊಂಡಿರುವುದೂ ಉಂಟು. ಕಾವೇರಿಯ ತೀರದಲ್ಲಿ ಇವುಗಳನ್ನು ಹಿಡಿಯಲು ಗಾಳಕ್ಕೆ ಸಿಕ್ಕಿಸುತ್ತಿದ್ದುದು ಬಹುಮಟ್ಟಿಗೆ ರಾಗಿಯ ಮುದ್ದೆ. ಸೋಮೇಶ್ವರನು ಹೇಳುವ ಹಿಟ್ಟಿನ ಉಂಡೆಗಳಿಗೂ ಇದಕ್ಕೂ ನಡುವೆ ಎಂಟು ಶತಮಾನಗಳು ಕಳೆದಿವೆ. ಮೀನಿನ ರುಚಿಯು ಹೆಚ್ಚು ಬದಲಾದಂತೆ ತೋರುವುದಿಲ್ಲ.

ಹೆಸರಿನ ವ್ಯುತ್ಪತ್ತಿಯಲ್ಲಿ ಏಕಾಭಿಪ್ರಾಯವಿಲ್ಲ. ‘ಮಹಾಶಿರ’ ಎಂದರೆ ದೊಡ್ಡ ತಲೆಯುಳ್ಳದ್ದು ಎನ್ನುವವರು ಕೆಲವರು. ಪಾರಸಿಯ ‘ಮಾಹೀ’, ‘ಶೇರ್’ ಎಂಬ ಪದಗಳು ಕೂಡಿ ‘ಮೀನುಗಳಲ್ಲಿ ಸಿಂಹ’ ಎಂಬರ್ಥವಾಯಿತೆಂಬುದು ಇನ್ನು ಕೆಲವರ ಮತ. ಇದು ಕೇಳುವುದಕ್ಕೆ ಇಂಪಾದುದು, ಅದೇ ಕಾರಣದಿಂದ ಸಂದೇಹಕ್ಕೂ ಆಸ್ಪದವಾದುದು. ಮನುಸ್ಮೃತಿಯ ಮೂರನೆಯ ಅಧ್ಯಾಯದ ಶ್ರಾದ್ಧಪ್ರಕರಣದಲ್ಲಿ ಬರುವ ‘ಮಹಾಶಲ್ಕ’ ಶಬ್ದವನ್ನು ಮತ್ಸ್ಯವಿಶೇಷವೆಂದು ವ್ಯಾಖ್ಯಾನಿಸುವುದುಂಟು. ಶಲ್ಕದ ಹಿರಿಮೆಯನ್ನು ನೋಡಿದರೆ ಅದಕ್ಕೂ ಇದಕ್ಕೂ ಸಂಬಂಧವನ್ನು ಊಹಿಸಲು ಆಸೆಯಾಗುವುದು ಸಹಜ. ಆದರೆ ಊಹೆಯು ಪ್ರಮಾಣವಾಗದು. ಕಾವೇರಿಯ ಕನ್ನಡಿಗರಿಗೆ ಇದು ‘ಬಿಳಿಮೀನು’. ದೇವಸ್ಥಾನದ ಮಡುವಿನಲ್ಲಿದ್ದರೆ ‘ದೇವರ ಮೀನು’. ಈ ಎರಡು ಹೆಸರುಗಳೂ ಜಾತಿಭೇದವನ್ನು ತಿಳಿಸುವುದಿಲ್ಲವೆಂಬುದನ್ನು ಗಮನದಲ್ಲಿಡಬೇಕು.

ಆಂಗ್ಲ ಅಧಿಕಾರಿಗಳ ಕಾಲದಲ್ಲಿ ಈ ಮೀನಿನ ಕೀರ್ತಿಯು ಹಬ್ಬಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸರು ಗಾಳದ ಬೇಟೆಯನ್ನು ಕುರಿತು ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವು ೧೮೭೩ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ೧೯೧೯ರಲ್ಲಿ ಮೇಜರ್ ರಿವೆಟ್-ಕಾರ್ನಾಕ್ ಎಂಬವರು ಕಾವೇರಿಯಲ್ಲಿ ೧೧೯ ಪೌಂಡು ತೂಕದ ಮಹಶೀರವನ್ನು ಹಿಡಿದರು. ೧೯೪೬ರ ಮಾರ್ಚಿಯಲ್ಲಿ ಮೈಸೂರಿನ ವಾನ್ ಇಂಗನ್ ಮನೆತನದ ಡಿ ವೆಟ್ ವಾನ್ ಇಂಗನ್ನರು ಕಬಿನಿಯಲ್ಲಿ ೧೨೦ ಪೌಂಡಿನದನ್ನು ಹಿಡಿದು ಆ ಮಟ್ಟವನ್ನು ಮೀರಿದರು. ಈ ಮಹಾಕಾಯಗಳೆಲ್ಲವೂ ತಲೆಯ ಹಿಂದೆ ಬೆನ್ನು ಗೂನಿನಂತೆ ಉಬ್ಬಿ, ರೆಕ್ಕೆಗಳು ಕಿತ್ತಳೆಯ ಬಣ್ಣಕ್ಕೆ ತಿರುಗಿದ ಒಂದು ವಿಶೇಷ ಜಾತಿಗೆ ಸೇರಿದವುಗಳೆಂದು ಈಗಿನ ಶೋಧಕರು ಭಾವಿಸುತ್ತಾರೆ. ಆ ಜಾತಿಯು ಕಾವೇರಿಯಲ್ಲಿಯೂ ಅದರ ಉಪನದಿಗಳಲ್ಲಿಯೂ ಅಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಹುಟ್ಟಿದುದಲ್ಲ. ಆಶ್ಚರ್ಯವೇನೆಂದರೆ, ಇಷ್ಟು ಪ್ರಸಿದ್ಧವಾದ ಮೀನಿಗೆ ಶಾಸ್ತ್ರಸಮ್ಮತವಾದ ಹೆಸರೇ ನಿಶ್ಚಯವಾಗಿರಲಿಲ್ಲ. ಹಿಡಿದವರು ತೂಕವನ್ನು ಬರೆದಿಟ್ಟರು, ಛಾಯಾಚಿತ್ರವನ್ನು ತೆಗೆಸಿದರು. ಜಾತಿಯನ್ನು ನಿರ್ಣಯಿಸುವುದು ಯಾರ ಪಾಲಿಗೂ ಬರಲಿಲ್ಲ.

ವಿನೋದಕ್ಕಾಗಿ ಒಂದೆಡೆಯ ಮೀನನ್ನು ಇನ್ನೊಂದೆಡೆ ಬಿಡುವುದು ಈ ದೇಶಕ್ಕೆ ಹೊಸತಲ್ಲ. ನೀಲಗಿರಿಯ ತೊರೆಗಳಲ್ಲಿ ಟ್ರೌಟ್ ಮೀನನ್ನು ನೆಲೆಗೊಳಿಸಬೇಕೆಂದು ಫ್ರಾನ್ಸಿಸ್ ಡೇ ೧೮೬೦ರ ದಶಕದಲ್ಲಿ ಯತ್ನಿಸಿ ವಿಫಲನಾದನು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಆ ಕೆಲಸವನ್ನು ಸಾಧಿಸಿದನು. ಆಫ್ರಿಕದ ವಿಕ್ಟೋರಿಯಾ ಸರೋವರದಲ್ಲಿ ೧೯೫೦ರ ದಶಕದಿಂದ ಬಿಟ್ಟ ನೈಲ್ ಪರ್ಚ್ ಎಂಬ ಭಾರಿ ಬೇಟೆಮೀನು ಅಲ್ಲಿಯ ನೂರಾರು ಬಗೆಯ ಚಿಕ್ಕ ಮೀನುಗಳನ್ನು ಕಾಣದಂತೆ ಮಾಡಿತು. ಇವೆರಡೂ ಪರದೇಶದ, ಅಥವಾ ಪರಜಲದ, ಮೀನೆಂದು ತಿಳಿದೇ ಬಿಟ್ಟವು. ಕಾವೇರಿಯಲ್ಲಿ ನಡೆದುದು ಇವುಗಳಿಗಿಂತ ಸೂಕ್ಷ್ಮವಾದುದು; ಅಲ್ಲಿ ಬಿಟ್ಟದ್ದೂ ಮಹಶೀರ, ಅಲ್ಲಿ ಇದ್ದದ್ದೂ ಮಹಶೀರ.

ಸಹ್ಯಾದ್ರಿಯ ಮೇಲೆ ಲೋಣಾವಳದ ಹತ್ತಿರ ವಿದ್ಯುದುತ್ಪಾದನೆಗಾಗಿ ಟಾಟಾ ಸಂಸ್ಥೆಯವರು ಕಟ್ಟಿಸಿದ ಸರೋವರಗಳಿವೆ. ಅಲ್ಲಿ ಸಿ. ವಿ. ಕುಲಕರ್ಣಿಯವರೂ ಎಸ್. ಎನ್. ಓಗಲೆಯವರೂ ೧೯೭೦ರ ದಶಕದಲ್ಲಿ ದಖ್ಖಣದ ಮಹಶೀರದ ಕೃತಕ ಸಂತಾನೋತ್ಪತ್ತಿಯನ್ನು ಸಾಧಿಸಿದರು. ಇದು ಸಾಮಾನ್ಯವಾದ ಕಾರ್ಯವಲ್ಲ. ಮಹಶೀರವು ಗೆಂಡೆ, ಕಾಟ್ಲಗಳಂತೆ ಒಂದೇ ಸಲಕ್ಕೆ ಲಕ್ಷಗಟ್ಟಲೆ ತತ್ತಿಯಿಡುವ ಮೀನಲ್ಲ. ತತ್ತಿ ದೊಡ್ಡದು, ಸಂಖ್ಯೆ ಕಡಿಮೆ, ಹರಿಯುವ ತಿಳಿನೀರು ಬೇಕು. ಅಣೆಕಟ್ಟುಗಳಿಂದ ಅದರ ಹಾದಿ ಮುಚ್ಚಿಹೋಗಿ, ಸಿಡಿಮದ್ದಿನಿಂದ ಮಡುಗಳು ಬರಿದಾಗುತ್ತಿದ್ದ ಆ ಕಾಲದಲ್ಲಿ ಲೋಣಾವಳದ ಮರಿಗಳು ಅನೇಕರಿಗೆ ಸಂಜೀವಿನಿಯಂತೆ ಕಂಡುದು ಸ್ವಾಭಾವಿಕವೇ. ಅವು ಹಲವು ರಾಜ್ಯಗಳ ಕೆರೆ, ಜಲಾಶಯ, ನದಿಗಳಿಗೆ ಹೋದವು, ಕಾವೇರಿಗೂ ಬಂದವು. ಅಲ್ಲಿ ೧೯೭೨ರಲ್ಲಿ ಸ್ಥಾಪಿತವಾದ ವನ್ಯಜೀವಿ ಸಂಘವೊಂದು ನದಿಯ ಕೆಲವು ಮೈಲಿಗಳನ್ನು ಗುತ್ತಿಗೆಗೆ ಹಿಡಿದು ಕಳ್ಳಬೇಟೆಯನ್ನು ತಡೆಯುತ್ತಿದ್ದಿತು. ೧೯೭೭-೭೮ರಲ್ಲಿ ಮೂವರು ಆಂಗ್ಲ ಯುವಕರು ಬಂದು ಭಾರಿ ಮೀನುಗಳನ್ನು ಹಿಡಿದ ಮೇಲೆ ಹೊರದೇಶದ ಗಾಳಗಾರರು ವರ್ಷವರ್ಷವೂ ಬರತೊಡಗಿದರು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಸಹಿತ ನೀರಿಗೆ ಬಿಡುವ ನಿಯಮವು ಬಳಕೆಗೆ ಬಂತು. ಊರಿನ ಬೆಸ್ತರಲ್ಲಿ ಕೆಲವರು ಗಾಳಗಾರರಿಗೆ ಮಾರ್ಗದರ್ಶಕರಾದರು. ಒಟ್ಟಿನಲ್ಲಿ ಸದುದ್ದೇಶಕ್ಕೆ ಕೊರತೆಯಿರಲಿಲ್ಲ.

ಕೊರತೆಯಿದ್ದುದು ಪರಿಚಯದಲ್ಲಿ. ಲೋಣಾವಳದಿಂದ ಬಂದ ಮೀನು ‘ಟಾರ್ ಖುದ್ರೀ’. ಕರ್ನಲ್ ಸೈಕ್ಸನು ೧೮೩೯ರಲ್ಲಿ ಪುಣೆಯ ಹತ್ತಿರದ ಮುಳಾ-ಮುಠಾ ನದಿಯ ಮೀನನ್ನು ನೋಡಿ ಅದಕ್ಕೆ ಆ ಹೆಸರನ್ನಿಟ್ಟನು. ಆ ನೀರು ಭೀಮೆಗೆ ಸೇರಿ ಕೃಷ್ಣೆಯಾಗುತ್ತದೆ. ಹೀಗೆ ಕೃಷ್ಣೆಯ ಮೀನು ಕಾವೇರಿಗೆ ಬಂತು. ಅದರ ರೆಕ್ಕೆ ನೀಲಿಬೂದು, ಬೆನ್ನಿನಲ್ಲಿ ಗೂನಿಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ಬಾಲಕನೂ ಭೇದವನ್ನು ಹೇಳಬಲ್ಲನು. ಆದರೆ ಎರಡಕ್ಕೂ ಹೆಸರು ಮಹಶೀರವೇ ಆದುದರಿಂದ, ಮಹಶೀರವನ್ನು ಮಹಶೀರದ ನದಿಗೆ ಬಿಟ್ಟಂತೆ ತೋರಿತೇ ಹೊರತು ಹೊಸ ಜಾತಿಯನ್ನು ತಂದಂತೆ ತೋರಲಿಲ್ಲ. ಪದವೊಂದು ಅರ್ಥದ ಅಂತರವನ್ನು ಮುಚ್ಚಿದುದಕ್ಕೆ ಇಷ್ಟು ದುಬಾರಿಯಾದ ಉದಾಹರಣೆಯು ಶಬ್ದಾರ್ಥವಿಚಾರ ಮಾಡುವವರಿಗೂ ಸುಲಭವಾಗಿ ಸಿಕ್ಕುವುದಿಲ್ಲ.

ಪರಿಣಾಮವು ತಿಳಿದುಬಂದದ್ದು ಗಾಳಗಾರರ ದಾಖಲೆಗಳಿಂದಲೇ. ಗಾಳಿಬೋರೆಯ ಬಿಡಾರದಲ್ಲಿ ೧೯೯೮ರಿಂದ ೨೦೧೨ರವರೆಗೆ ಬರೆದಿಟ್ಟಿದ್ದ ವಿವರಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್, ರಾಬರ್ಟ್ ಬ್ರಿಟನ್ ಇವರು ಪರಿಶೀಲಿಸಿ ೨೦೧೫ರಲ್ಲಿ ಪ್ರಕಟಿಸಿದರು. ಇಪ್ಪತ್ತಮೂರು ಸಾವಿರ ಗಂಟೆಗಳಿಗೂ ಮಿಕ್ಕ ಗಾಳದ ಶ್ರಮದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಹಶೀರಗಳು ಸಿಕ್ಕಿದ್ದವು. ವರ್ಷಗಳು ಕಳೆದಂತೆ ಗಂಟೆಗೊಂದರಂತೆ ಸಿಕ್ಕುವ ಮೀನಿನ ಲೆಕ್ಕವು ಏರುತ್ತ ಬಂದಿದೆ; ಒಂದೊಂದರ ಸರಾಸರಿ ತೂಕವು ಇಳಿಯುತ್ತ ಬಂದಿದೆ. ಲೆಕ್ಕವನ್ನು ಮಾತ್ರ ನೋಡಿದವರಿಗೆ ನದಿಯು ಸಮೃದ್ಧವಾಗುತ್ತಿದೆಯೆಂಬ ಸಮಾಧಾನವುಂಟಾಗಬಹುದು. ಜಾತಿಯನ್ನು ವಿಂಗಡಿಸಿ ನೋಡಿದಾಗ ಏರಿದ್ದು ನೀಲರೆಕ್ಕೆಯದು, ಗೂನುಬೆನ್ನಿನದು ಕಾಣೆಯಾಗುವ ಮಟ್ಟಕ್ಕೆ ಇಳಿದಿದೆ ಎಂಬುದು ಹೊರಬಿತ್ತು. ಒಂದರ ಏರಿಕೆಯೇ ಇನ್ನೊಂದರ ಇಳಿಕೆಗೆ ಏಕೈಕ ಕಾರಣವೆನ್ನಲಾಗದು. ಅಣೆಕಟ್ಟುಗಳು, ಮರಳು ತೆಗೆಯುವಿಕೆ, ಸಿಡಿಮದ್ದು ಇವುಗಳ ಪಾಲೂ ಉಂಟು. ಆದರೂ ಇದೇ ಕಷ್ಟಗಳನ್ನು ಪರದೇಶಿ ಮೀನು ಸಹಿಸಿ ಬೆಳೆದಿರಲು ದೇಶೀಯ ಮೀನು ಮಾತ್ರ ಸೋತದ್ದು ಕಡೆಗಣಿಸತಕ್ಕ ಸಂಗತಿಯಲ್ಲ.

ಇದಕ್ಕಿಂತಲೂ ವಿಪರೀತವಾದ ಸಂಗತಿ ಬೇರೊಂದುಂಟು. ಅಪಾಯಕ್ಕೊಳಗಾದ ಜೀವಜಾತಿಗಳ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಟಾರ್ ಖುದ್ರೀ ಬಹುಕಾಲ ವಿನಾಶದ ಅಂಚಿನ ಜಾತಿಗಳ ಸಾಲಿನಲ್ಲಿತ್ತು. ಆದಕಾರಣ ಅದರ ಮರಿಗಳನ್ನು ಎಲ್ಲಿ ಬಿಟ್ಟರೂ ಅದು ರಕ್ಷಣಕಾರ್ಯವೆನಿಸಿತು. ಗೂನುಬೆನ್ನಿನ ಮೀನು ಆ ಪಟ್ಟಿಯಲ್ಲಿಯೇ ಇರಲಿಲ್ಲ. ಹೆಸರು ನಿಶ್ಚಯವಾಗದ ಜೀವಿಗೆ ಅಲ್ಲಿ ಸ್ಥಾನವಿಲ್ಲ. ೨೦೦೭ರಲ್ಲಿ ಕೇರಳದ ಪಾಂಬಾರಿನಿಂದ, ಎಂದರೆ ಕಾವೇರಿಯ ಜಲಾನಯನಕ್ಕೇ ಸೇರಿದ ತೊರೆಯೊಂದರಿಂದ, ಸಿಕ್ಕಿದ ಚಿಕ್ಕ ಮೀನುಗಳನ್ನು ನೋಡಿ ಕುರುಪ್ ಮತ್ತು ರಾಧಾಕೃಷ್ಣನ್ ‘ಟಾರ್ ರೆಮಾದೇವಿ’ ಎಂಬ ಜಾತಿಯನ್ನು ವರ್ಣಿಸಿದ್ದರು. ಅದು ಸುಪ್ರಸಿದ್ಧವಾದ ಮಹಾಮೀನಿನ ಮರಿಯಿರಬಹುದೆಂಬ ಭಾವನೆಯು ಆಗ ಬರಲಿಲ್ಲ. ಭವಾನಿಯ ಉಪನದಿಯಾದ ಮೋಯಾರಿನಲ್ಲಿ ಗೂನುಬೆನ್ನಿನವು ಕೆಲವು ಉಳಿದಿದ್ದುವು. ಪಿಂಡರ್ ಮತ್ತು ಅವರ ಸಹೋದ್ಯೋಗಿಗಳು ಅವುಗಳ ಅಂಗಲಕ್ಷಣವನ್ನೂ ವಂಶತಂತುವನ್ನೂ ಹೋಲಿಸಿ, ಎರಡೂ ಒಂದೇ ಎಂದು ೨೦೧೮ರಲ್ಲಿ ತೋರಿಸಿಕೊಟ್ಟರು. ಅದೇ ವರ್ಷ ಟಾರ್ ರೆಮಾದೇವಿಯು ಕೆಂಪುಪಟ್ಟಿಯಲ್ಲಿ ಅತ್ಯಂತ ಅಪಾಯದ ಅಂತಸ್ತಿಗೆ ಸೇರಿತು. ಖುದ್ರೀಯನ್ನು ಚಿಂತೆಗೆಡೆಯಿಲ್ಲದ ಅಂತಸ್ತಿಗೆ ಇಳಿಸಲಾಯಿತು. ಥಾಮಸರ ಗ್ರಂಥದಿಂದ ಲೆಕ್ಕಹಾಕಿದರೆ ಹೆಸರು ದೊರೆಯಲು ನೂರ ನಾಲ್ವತ್ತೈದು ವರ್ಷಗಳು ಹಿಡಿದವು.

ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ಕಾವೇರಿಯ ರಾಮನಾಥಪುರದಲ್ಲಿಯೂ ದೇವಾಲಯದ ಎದುರಿನ ನೀರಿನಲ್ಲಿ ಮೀನು ಹಿಡಿಯದಿರುವುದು ಪರಂಪರೆಯಿಂದ ಬಂದ ನಿಯಮ. ಭಕ್ತರು ಅಕ್ಕಿ, ಮಂಡಕ್ಕಿಗಳನ್ನು ಚೆಲ್ಲುತ್ತಾರೆ. ಆಹಾರವಿಕ್ಕಿ ಬೆಳೆಸುವಷ್ಟರ ಮಟ್ಟಿಗೆ ಇದೂ ಮತ್ಸ್ಯವಿನೋದವೇ, ಗಾಳವೊಂದನ್ನು ಬಿಟ್ಟು. ಇಂತಹ ಮಡುಗಳಲ್ಲಿ ಮೊದಲಿನಿಂದ ಇದ್ದ ಜಾತಿ ಯಾವುದು, ಹೊರಗಿನಿಂದ ಬಂದು ಸೇರಿದುದು ಯಾವುದು ಎಂಬುದನ್ನು ಮಡುಮಡುವಿಗೆ ಬೇರೆಬೇರೆಯಾಗಿ ನಿರ್ಣಯಿಸಬೇಕಾಗಿದೆ. ‘ದೇವರ ಮೀನು’ ಎಂಬ ಶಬ್ದವು ಇಲ್ಲಿಯೂ ಸಹಾಯಕ್ಕೆ ಬಾರದು.

ಕಾವೇರಿಯ ಆ ಭಾಗವು ೧೯೮೭ರಲ್ಲಿ ವನ್ಯಧಾಮವಾಗಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದಲ್ಲಿ ಗಾಳ ಹಾಕುವುದೂ ಬೇಟೆಯೇ ಎಂಬ ನಿರ್ಣಯವಾದ ಮೇಲೆ ೨೦೧೨ರ ವೇಳೆಗೆ ಅಲ್ಲಿಯ ಗಾಳದ ಬಿಡಾರಗಳು ಆ ವಿನೋದವನ್ನು ನಿಲ್ಲಿಸಿದವು. ಅದರೊಡನೆ ತೂಕದ ಲೆಕ್ಕವನ್ನು ಬರೆಯುವುದೂ ನಿಂತುಹೋಯಿತು.