ಸಂಜೆಯ ಗಲ್ಲಾ, ಮಾರ್ಚಿನ ಫೋನು

ಮಾರ್ಚ್ ಇಪ್ಪತ್ತು ದಾಟಿತೆಂದರೆ ರಾತ್ರಿ ಹನ್ನೊಂದರ ಮೇಲೆ ನನ್ನ ಫೋನು ಸುಮ್ಮನಿರುವುದಿಲ್ಲ. ಹೋಟೆಲಿನ ಶಟರ್ ಎಳೆದ ಮೇಲೆ ತಾನೇ ನಮ್ಮವರಿಗೆ ಪುರುಸೊತ್ತು. "ಮಾರಾಯ್ರೆ, ಈ ಸಲ ತೆರಿಗೆ ಉಳಿಸ್ಲಿಕ್ಕೆ ಎಂತಾದ್ರೂ ಮಾಡ್ಲಿಕ್ಕುಂಟಾ?" ವರ್ಷದ ಗಂಟೆಲ್ಲ ಕಟ್ಟಿ ಮುಗಿದ ಮೇಲೆ ಕೇಳುವ ಪ್ರಶ್ನೆ ಇದು. ನನ್ನ ಉತ್ತರವೂ ಪ್ರತಿ ವರ್ಷ ಒಂದೇ: ತೆರಿಗೆಯ ಯೋಚನೆ ಶುರುವಾಗಬೇಕಾದದ್ದು ಏಪ್ರಿಲ್ ಒಂದರ ಸಂಜೆ, ಗಲ್ಲಾ ಎಣಿಸುವ ಹೊತ್ತಿಗೆ.

ನಾನು ಕುಂದಾಪುರದ ಕಡೆಯವನು. ಹಗಲು ಮುಂಬಯಿಯ ಫೋರ್ಟಿನ ಕ್ಯಾಂಟೀನಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಅಲ್ಲಿಯೇ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಬಿ.ಕಾಂ. ಮುಗಿಸಿದೆ. ಅಂಧೇರಿಯಿಂದ ಭಾಂಡುಪ್ ತನಕ ಸಣ್ಣ ಹೋಟೆಲು, ಕ್ಯಾಂಟೀನು, ಜ್ಯೂಸ್ ಸೆಂಟರುಗಳ ಲೆಕ್ಕ ಬರೆಯುತ್ತ ಮೂವತ್ತು ವರ್ಷವಾಯಿತು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಕಾಲದಿಂದ ನಮ್ಮವರು ಈ ಊರಿಗೆ ಊಟ ಬಡಿಸುತ್ತ ಬಂದಿದ್ದಾರೆ. ಬೆವರಿಗೆ ಎಂದೂ ಹಿಂಜರಿಯದ ಅವರು ಕಾಗದಕ್ಕೆ ಹೆದರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಭಾಂಡುಪಿನ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಬಾಗಿಲಲ್ಲಿ ಕ್ಯಾಂಟೀನ್ ನಡೆಸುವ ಧನಿಯೊಬ್ಬರು 2023ರ ಫೆಬ್ರವರಿಯಲ್ಲಿ ನನ್ನಲ್ಲಿಗೆ ಬಂದರು. ಡೊಂಬಿವಲಿಯಲ್ಲಿ ಮನೆ ನೋಡಿ ಇಟ್ಟಿದ್ದರು. ಬ್ಯಾಂಕು ಸಾಲ ಕೊಡಲಿಲ್ಲ. ರಿಟರ್ನ್ ತೆಗೆದು ನೋಡಿದರೆ ವರ್ಷ ವರ್ಷವೂ ಎರಡೂವರೆ ಲಕ್ಷದ ಒಳಗೇ ಆದಾಯ. ಅಷ್ಟರೊಳಗೆ ತೋರಿಸಿದರೆ ತೆರಿಗೆ ಇಲ್ಲ ಎಂದು ಯಾರೋ ಹೇಳಿಕೊಟ್ಟದ್ದನ್ನು ಅವರು ಒಂಬತ್ತು ವರ್ಷ ಪಾಲಿಸಿದ್ದರು. ಬೆಳಿಗ್ಗೆ ಐದೂವರೆಗೆ ಒಲೆ ಹಚ್ಚಿ ರಾತ್ರಿ ಹತ್ತಕ್ಕೆ ಮಲಗುವ ಮನುಷ್ಯನ ದುಡಿಮೆ ಕಾಗದದ ಮೇಲೆ ತಿಂಗಳಿಗೆ ಇಪ್ಪತ್ತು ಸಾವಿರ. ಆ ಕಾಗದಕ್ಕೆ ಯಾವ ಬ್ಯಾಂಕು ಮನೆ ಸಾಲ ಕೊಟ್ಟೀತು? ಅಪಘಾತವಾದರೆ ಪರಿಹಾರ ನಿರ್ಧರಿಸುವ ನ್ಯಾಯಮಂಡಳಿ ಕೂಡ ಮೊದಲು ನೋಡುವುದು ರಿಟರ್ನನ್ನೇ. ಬಚ್ಚಿಟ್ಟ ಆದಾಯ ಹೆಂಡತಿ ಮಕ್ಕಳ ಪಾಲಿಗೆ ಇಲ್ಲದ ಆದಾಯವಾಗುತ್ತದೆ.

ಬಚ್ಚಿಡುವ ಅಗತ್ಯವಾದರೂ ಈಗ ಎಲ್ಲಿದೆ? 2025-26ರ ಸಾಲಿಗೆ ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕದ ಆದಾಯಕ್ಕೆ ತೆರಿಗೆ ಇಲ್ಲ. ಸಂಬಳದವರಿಗೆ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ ಅದು 12.75 ಲಕ್ಷವಾಗುತ್ತದೆ. ಲೆಕ್ಕದಲ್ಲಿ 60,000 ರೂಪಾಯಿ ತನಕ ಬರುವ ತೆರಿಗೆಯನ್ನು ಸರಕಾರವೇ ರಿಬೇಟ್ ಎಂದು ಬಿಟ್ಟುಕೊಡುತ್ತದೆ. ಹನ್ನೆರಡು ಲಕ್ಷಕ್ಕೆ ಮೇಲೆ ಹತ್ತು ಸಾವಿರ ಹೆಚ್ಚಾಯಿತೆಂದು ಗಾಬರಿ ಬೇಡ, ಆಗಲೂ ತೆರಿಗೆ ಆ ಹತ್ತು ಸಾವಿರವನ್ನು ಮೀರುವುದಿಲ್ಲ, ಮೇಲೆ ಸೆಸ್ ಅಷ್ಟೆ. ಆದರೆ ಶೇರು ಮಾರಿದ ಲಾಭದಂಥ, ಬೇರೆಯೇ ದರವಿರುವ ಆದಾಯಕ್ಕೆ ಈ ರಿಬೇಟ್ ಸಿಗದು.

ಸಣ್ಣ ವ್ಯಾಪಾರದವರಿಗೆ ಅಂದಾಜು ಲಾಭದ ಯೋಜನೆ ಇದೆ. ನಾವು ಇಷ್ಟು ವರ್ಷ '44ಎಡಿ' ಎಂದು ಕರೆದದ್ದು ಇದನ್ನೇ. 2026ರ ಏಪ್ರಿಲ್ 1ರಿಂದ ಅನ್ವಯಿಸುವ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ. ವಹಿವಾಟು 2 ಕೋಟಿಯೊಳಗಿದ್ದರೆ, ನಗದು 5 ಶೇಕಡಾ ಮೀರದಿದ್ದರೆ 3 ಕೋಟಿಯ ತನಕ, ಪೂರ್ತಿ ಲೆಕ್ಕಪುಸ್ತಕ ಇಡುವ ಕಡ್ಡಾಯವಿಲ್ಲ. ನಗದು ವ್ಯಾಪಾರದ 8 ಶೇಕಡಾ, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದದ್ದರ 6 ಶೇಕಡಾ ಲಾಭವೆಂದು ಒಪ್ಪಿಕೊಂಡರೆ ಸಾಕು. ವರ್ಷಕ್ಕೆ 60 ಲಕ್ಷ ವ್ಯಾಪಾರ, ಅದರಲ್ಲಿ 45 ಲಕ್ಷ ಯುಪಿಐ, 15 ಲಕ್ಷ ನಗದು ಎಂದಿಟ್ಟುಕೊಳ್ಳಿ. 2.70 ಲಕ್ಷ ಮತ್ತು 1.20 ಲಕ್ಷ ಸೇರಿ 3.90 ಲಕ್ಷ. ಇದು ಕನಿಷ್ಠ. ನಿಜವಾಗಿ ಒಂಬತ್ತು ಲಕ್ಷ ಉಳಿದಿದ್ದರೆ ಒಂಬತ್ತೇ ತೋರಿಸಿ. ಆಗಲೂ ಆದಾಯ ತೆರಿಗೆ ಸೊನ್ನೆ! ಅಡ್ವಾನ್ಸ್ ತೆರಿಗೆ ಇದ್ದರೆ ನಾಲ್ಕು ಕಂತಿನ ರಗಳೆಯಿಲ್ಲ, ಮಾರ್ಚ್ 15ಕ್ಕೆ ಒಂದೇ ಸಲ. ಒಂದು ಎಚ್ಚರ: ಒಮ್ಮೆ ಯೋಜನೆ ಹಿಡಿದು ಐದು ವರ್ಷದೊಳಗೆ ಕೈಬಿಟ್ಟರೆ, ಮುಂದಿನ ಐದು ವರ್ಷ ಮತ್ತೆ ಒಳಗೆ ಬರಲಾಗದು.

2025ರ ಜುಲೈಯಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರಿಗೆ ಯುಪಿಐ ಜಮೆ ನೋಡಿ ಜಿಎಸ್‌ಟಿ ನೋಟಿಸು ಹೋದಾಗ ಇಲ್ಲಿಯೂ ಬಿಸಿ ತಟ್ಟಿತು. ಕ್ಯೂಆರ್ ಕೋಡ್ ಕಿತ್ತು ಬಿಸಾಡಲೇ ಎಂದು ಹಲವರು ಕೇಳಿದರು. ಬೇಡ ಎಂದೆ. ಕೋಡ್ ಕಿತ್ತರೆ ಆರು ಶೇಕಡಾ ಇದ್ದದ್ದು ಎಂಟಾಗುತ್ತದೆ, ವ್ಯಾಪಾರವೇನೂ ಮರೆಯಾಗುವುದಿಲ್ಲ. ನಿಜವಾದ ತೊಂದರೆ ಬೇರೆ. ಅಂಗಡಿಯ ಗೋಡೆಯಲ್ಲಿ ಅಂಟಿಸಿದ್ದು ಹೆಂಡತಿಯ ಉಳಿತಾಯ ಖಾತೆಯ ಕೋಡ್. ಊರಿಂದ ತಮ್ಮ ಕಳಿಸಿದ ಹಣ, ಚೀಟಿ ಎತ್ತಿದ ಹಣ, ವಡಾ-ಸಾಂಬಾರಿನ ಹಣ ಎಲ್ಲ ಅಲ್ಲೇ ಬೀಳುತ್ತದೆ. ನೋಡುವ ಅಧಿಕಾರಿಗೆ ಅಷ್ಟೂ ವ್ಯಾಪಾರವಾಗಿಯೇ ಕಾಣುತ್ತದೆ. ಅಂಗಡಿ ನೋಂದಣಿಯ ಗುಮಾಸ್ತಾ ಲೈಸೆನ್ಸ್ ಹಿಡಿದುಕೊಂಡು ಹೋಗಿ ಅಂಗಡಿಯ ಹೆಸರಲ್ಲೇ ಕರೆಂಟ್ ಖಾತೆ ತೆರೆಯಿರಿ. ಮುಂಬಯಿಯ ಬಿಲ್ಲವರು 1978ರಲ್ಲಿ ಭಾರತ್ ಬ್ಯಾಂಕ್ ಕಟ್ಟಿದ್ದು ನಮ್ಮಂಥವರ ಕೈಗೂ ಪಾಸ್‌ಬುಕ್ ಬರಲಿ ಎಂದೇ ಅಲ್ಲವೇ?

ಹೋಟೆಲಿನ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಒಂದೂವರೆ ಕೋಟಿಯೊಳಗಿನವರು ಕಾಂಪೊಸಿಶನ್ ಯೋಜನೆ ಹಿಡಿದು ಐದು ಶೇಕಡಾ ಕಟ್ಟಬಹುದು, ಆದರೆ ಅದನ್ನು ಗಿರಾಕಿಯ ಬಿಲ್ಲಿಗೆ ಹಾಕುವಂತಿಲ್ಲ. ಸಾಮಾನ್ಯ ನೋಂದಣಿಯಲ್ಲೂ ಹೋಟೆಲಿಗೆ ಐದೇ ಶೇಕಡಾ, ಗಿರಾಕಿಯಿಂದ ಪಡೆಯಬಹುದು, ಆದರೆ ತಿಂಗಳ ಅಥವಾ ಮೂರು ತಿಂಗಳ ರಿಟರ್ನಿನ ಕೆಲಸ ಹೆಚ್ಚು. ಬಿಲ್ ಕೊಟ್ಟು ಅಭ್ಯಾಸವಿರುವ ಹೋಟೆಲಿಗೆ ಎರಡನೆಯದು, ಕಟಿಂಗ್ ಚಾಯ್ ಮಾರುವವರಿಗೆ ಮೊದಲನೆಯದು ಎಂಬುದು ನನ್ನ ಅನುಭವ.

ಇನ್ನು ಕೈಸಾಲ. ಹೋಟೆಲಿಗೆ ಹೊಸ ಫ್ರಿಜ್ ಬೇಕೆಂದರೆ ಬಾವನ ಹತ್ತಿರ ಮೂರು ಲಕ್ಷ ನಗದು ತರುವುದು ನಮ್ಮಲ್ಲಿ ತೀರಾ ಸಹಜ. ಕಾಯಿದೆ ಮಾತ್ರ 20,000 ಅಥವಾ ಅದಕ್ಕೆ ಮೇಲಿನ ಸಾಲವನ್ನು ನಗದಾಗಿ ಪಡೆಯಲು ಬಿಡುವುದಿಲ್ಲ, ದಂಡ ಸಾಲದಷ್ಟೇ ಇರಬಹುದು. ಬ್ಯಾಂಕಿನ ಮೂಲಕ ತರಿಸಿಕೊಂಡರೆ ಮುಗಿಯಿತು. ಅಣ್ಣ-ತಮ್ಮ, ಅಕ್ಕ-ತಂಗಿ, ಅಪ್ಪ-ಅಮ್ಮ ಉಡುಗೊರೆ ಎಂದು ಕೊಟ್ಟ ಹಣಕ್ಕೆ ಮಿತಿಯೇ ಇಲ್ಲದೆ ತೆರಿಗೆ ವಿನಾಯಿತಿ ಇದೆ, ಒಂದು ಚೀಟಿಯಲ್ಲಿ ಬರೆಸಿ ಸಹಿ ಮಾಡಿಸಿ ಇಟ್ಟುಕೊಳ್ಳಿ. ಹೆಂಡತಿಗೆ ನೀವು ಕೊಟ್ಟ ಹಣ ಠೇವಣಿಯಾದರೆ ಅದರ ಬಡ್ಡಿ ಮಾತ್ರ ನಿಮ್ಮ ಆದಾಯಕ್ಕೇ ಸೇರುತ್ತದೆ. ಜಾಗದ ಬಾಡಿಗೆ ತಿಂಗಳಿಗೆ 50,000 ಮೀರಿದರೆ ಎರಡು ಶೇಕಡಾ ಟಿಡಿಎಸ್ ಹಿಡಿಯಬೇಕು. ಮುಂಬಯಿಯ ಬಾಡಿಗೆಗೆ ಆ ಮಿತಿ ಏನೂ ದೂರವಿಲ್ಲ, ಆದರೂ ಬಹಳ ಜನ ಮರೆಯುತ್ತಾರೆ.

ಭಾಂಡುಪಿನ ಧನಿ 2023-24ರಿಂದ ನಿಜವಾದ ಲಾಭ ತೋರಿಸತೊಡಗಿದರು. ದಿನದ ಹಾಲು, ಗ್ಯಾಸ್, ಪಾವ್, ತರಕಾರಿ, ಸಂಜೆಯ ಯುಪಿಐ, ಗಲ್ಲಾದ ನಗದು ಎಲ್ಲವನ್ನೂ ಅವರ ಹೆಂಡತಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಮೊದಲ ವರ್ಷ 6.80 ಲಕ್ಷ, ತೆರಿಗೆ ಬರಲಿಲ್ಲ. ಮರುವರ್ಷ 7.60 ಲಕ್ಷ, ತೆರಿಗೆ 27,040 ರೂಪಾಯಿ. ಆ ಚಲನನ್ನು ಅವರು ದೇವರ ಫೋಟೋದ ಹಿಂದೆ ಇಟ್ಟಿದ್ದಾರೆ. ಎರಡು ರಿಟರ್ನ್ ನೋಡಿ ಬ್ಯಾಂಕು ಈ ಸಲ ಸಾಲ ಮಂಜೂರು ಮಾಡಿತು. ಆದರೆ ಅಷ್ಟರಲ್ಲಿ ಡೊಂಬಿವಲಿಯ ದರ ಏರಿ ಅವರ ಕೈ ಮೀರಿತ್ತು. ಮನೆ ಸಿಕ್ಕಿದ್ದು ಬದಲಾಪುರದಲ್ಲಿ, ಆರು ನಿಲ್ದಾಣ ಆಚೆ. ಐದೂವರೆಗೆ ಒಲೆ ಹಚ್ಚಲು ಅವರೀಗ ನಾಲ್ಕರ ಸುಮಾರಿನ ಲೋಕಲ್ ಹಿಡಿಯುತ್ತಾರೆ.